ಮೈನಸ್ ಹತ್ತರ ಚಳಿಯಲ್ಲಿ ಪಾಪಾಸುಕಳ್ಳಿ ಬೆಳೆ ಕೈಗೆ ಬರುತ್ತದೆಯೇ?

ಓದುಗರ ಪ್ರಶ್ನೆ:

"ನಮ್ಮ ಕಡೆ ಬೇಸಿಗೆ ಬಿಸಿ, ಮಳೆ ಕಡಿಮೆ. ಆದರೆ ಚಳಿಗಾಲ ಗಟ್ಟಿ. ಪ್ರತಿ ವರ್ಷ ಕೆಲವು ರಾತ್ರಿ ಮೈನಸ್ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ಅಪರೂಪಕ್ಕೆ ಮೈನಸ್ 15. ಹಿಮ ಬಿದ್ದರೂ ಕೆಲವೇ ದಿನದಲ್ಲಿ ಕರಗಿ, ನೆಲ ಒದ್ದೆಯಾಗಿಯೇ ಉಳಿಯುತ್ತದೆ. ಹಣ್ಣಿಗೆಂದು ಅರ್ಧ ಎಕರೆಯಲ್ಲಿ ಮುಳ್ಳಿಲ್ಲದ ಪಾಪಾಸುಕಳ್ಳಿ ನೆಟ್ಟೆ. ಬೇಸಿಗೆಯಲ್ಲಿ ನೀರು, ಗೊಬ್ಬರ ಕೊಟ್ಟೆ, ಸೊಗಸಾಗಿ ಬೆಳೆಯಿತು. ಚಳಿಗಾಲದ ಮೊದಲ ಗಟ್ಟಿ ರಾತ್ರಿಗೆ ಮುಕ್ಕಾಲು ಪಾಲು ಗಿಡ ಹೋದವು. ಹಾಳೆಗಳು ಮೊದಲು ಕಡು ಹಸಿರಾಗಿ, ಬೆಳಕು ಹಾಯುವಂತೆ ಆದವು. ಆಮೇಲೆ ಕಪ್ಪಾಗಿ ಕುಸಿದವು. ಈಗ ಕೆಲವು ಬುಡದಿಂದ ಚಿಗುರುತ್ತಿವೆ. 'ಕಳ್ಳಿ ಎಂಥದ್ದನ್ನೂ ತಡೆಯುತ್ತದೆ, ನೀವೇ ನೀರು ಜಾಸ್ತಿ ಕೊಟ್ಟು ಕೊಂದಿರಿ' ಎಂದು ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಪ್ಲಾಸ್ಟಿಕ್ ಹೊದಿಸಿ ಎನ್ನುತ್ತಾರೆ. ನರ್ಸರಿಯವರೊಬ್ಬರು 'ಮೈನಸ್ 20 ತಡೆಯುವ ಮುಳ್ಳಿಲ್ಲದ ತಳಿ ಇದೆ' ಎಂದು ಮಾರಲು ಬಂದಿದ್ದಾರೆ. ಉಳಿದ ಒಂದೂವರೆ ಎಕರೆಗೂ ಅದನ್ನೇ ಹಾಕಲೇ? ಇಲ್ಲ, ಇಲ್ಲಿಗೇ ಬಿಡಲೇ?"

ಉತ್ತರ:

ಹಾಳೆಗಳು ಕಡು ಹಸಿರಾಗಿ ಬೆಳಕು ಹಾಯುವಂತೆ ಆದವು ಎಂದು ನೀವು ಬರೆದ ಸಾಲು ನನಗೆ ತುಂಬಾ ಉಪಯೋಗಕ್ಕೆ ಬಂತು. ಆ ಒಂದು ಲಕ್ಷಣದಿಂದಲೇ ಗಿಡಗಳನ್ನು ಕೊಂದದ್ದು ಚಳಿ ಎಂದು ಹೇಳಬಹುದು. ನೀರು ಜಾಸ್ತಿಯಾಗಿ ಕೊಳೆತ ಗಿಡ ಹಾಗೆ ಕಾಣುವುದಿಲ್ಲ. ಅಲ್ಲಿ ಬುಡ ಮೊದಲು ಕಂದಾಗುತ್ತದೆ, ಮೆತ್ತಗಾಗುತ್ತದೆ, ಕೆಟ್ಟ ವಾಸನೆ ಬರುತ್ತದೆ. ಅದೂ ತೋಟದ ತಗ್ಗಿನಲ್ಲಿ ಒಂದು, ಆಚೆ ಒಂದು ಎನ್ನುವಂತೆ ಶುರುವಾಗುತ್ತದೆ. ಒಂದೇ ರಾತ್ರಿಗೆ ಮುಕ್ಕಾಲು ತೋಟ ಹೋಯಿತು ಅಂದರೆ ಅದು ಹೆಪ್ಪುಗಟ್ಟಿದ ಏಟು. ಹಾಗಂತ ನೀರಿನ ಪಾತ್ರ ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಹಾಳೆ ಎನ್ನುವ ಚಪ್ಪಟೆ ಭಾಗ ನಿಜದಲ್ಲಿ ಗಿಡದ ಕಾಂಡ. ಬೆಳೆಗಾರರು ಅದನ್ನು ಪ್ಯಾಡ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಮೊದಲು ಆ ಹಳೆಯ ನಂಬಿಕೆಯ ವಿಷಯ. ಕಳ್ಳಿ ಎಂಥದ್ದನ್ನೂ ತಡೆಯುತ್ತದೆ ಎನ್ನುವುದು ಅರ್ಧ ಸತ್ಯ. ಬರ ತಡೆಯುವುದು ಒಂದು ಗುಣ, ಹಿಮ ತಡೆಯುವುದು ಇನ್ನೊಂದು. ಪಾಪಾಸುಕಳ್ಳಿ ಜಾತಿಯಲ್ಲಿ ನೂರಾರು ಬಗೆಗಳಿವೆ. ಜಗತ್ತಿನಲ್ಲಿ ಹಣ್ಣಿಗಾಗಿ ಬೆಳೆಯುವುದು ಹೆಚ್ಚುಕಡಿಮೆ ಒಂದೇ ಬಗೆ, ಒಪನ್ಷಿಯಾ ಫೈಕಸ್-ಇಂಡಿಕಾ. ಮೆಕ್ಸಿಕೊದ ಜನ ಸಾವಿರಾರು ವರ್ಷಗಳಿಂದ ದೊಡ್ಡ ಹಣ್ಣು, ಕಡಿಮೆ ಮುಳ್ಳು, ಬೇಗ ಬೆಳೆಯುವ ಗುಣ ಇವುಗಳನ್ನೇ ಆರಿಸಿ ಆರಿಸಿ ಪಳಗಿಸಿದ ಗಿಡ ಅದು. ಅಲ್ಲಿಂದ ಸಿಸಿಲಿ, ಉತ್ತರ ಆಫ್ರಿಕಾ, ದಕ್ಷಿಣ ಆಫ್ರಿಕಾಕ್ಕೆಲ್ಲ ಹೋಯಿತು. ಈ ಎಲ್ಲ ಕಡೆ ಬೆಳೆ ನಿಂತದ್ದು ಚಳಿಗಾಲ ಮೆತ್ತಗಿರುವ ಜಾಗಗಳಲ್ಲಿ. ಈ ಗಿಡಕ್ಕೆ ಮೈನಸ್ 5ರ ಹತ್ತಿರ ಪೆಟ್ಟು ಶುರುವಾಗುತ್ತದೆ. ಮೈನಸ್ 10ರ ರಾತ್ರಿ ಗಂಟೆಗಟ್ಟಲೆ ನಿಂತರೆ ಬಲಿತ ಗಿಡವೂ ನೆಲದ ಮಟ್ಟಕ್ಕೆ ಸಾಯುತ್ತದೆ. ಎಳೆ ಪ್ಯಾಡ್, ಮೊಗ್ಗು, ಕಾಯಿಗಳಿಗೆ ಇನ್ನೂ ಕಡಿಮೆ ಚಳಿ ಸಾಕು.

ಹಾಗಾಗಿ ನೀವು ನೆಟ್ಟ ಗಿಡ ನಿಮ್ಮ ಚಳಿಗೆ ಹೇಳಿದ್ದೇ ಅಲ್ಲ. ಎಷ್ಟೇ ಚೆನ್ನಾಗಿ ನೋಡಿಕೊಂಡಿದ್ದರೂ ಫಲಿತಾಂಶ ಹೆಚ್ಚು ಬೇರೆಯಾಗುತ್ತಿರಲಿಲ್ಲ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ವರ್ಷ ಇನ್ನೂ ಚೆನ್ನಾಗಿ ಆರೈಕೆ ಮಾಡಿದರೆ ಉಳಿಯಬಹುದು ಎಂದುಕೊಂಡು ಅದೇ ಗಿಡವನ್ನು ಮತ್ತೆ ಮತ್ತೆ ನೆಟ್ಟವರನ್ನು ನೋಡಿದ್ದೇನೆ.

ಒಳಗೆ ಏನಾಗುತ್ತದೆ ಎಂದು ತಿಳಿದರೆ ಮುಂದಿನ ನಿರ್ಧಾರ ಸುಲಭ. ಉಷ್ಣಾಂಶ ಸೊನ್ನೆಗಿಂತ ಕೆಳಗೆ ಹೋದಾಗ ಪ್ಯಾಡ್‌ನ ಜೀವಕೋಶಗಳು ಒಮ್ಮೆಲೇ ಮಂಜುಗಡ್ಡೆ ಆಗುವುದಿಲ್ಲ. ಮೊದಲು ಹೆಪ್ಪುಗಟ್ಟುವುದು ಕೋಶಗಳ ನಡುವಿನ ಸಂದಿಯ ನೀರು. ಆ ಮಂಜು ಬೆಳೆಯುತ್ತಾ ಕೋಶದೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಕೋಶ ಒಣಗಿ ಸುಕ್ಕಾಗುತ್ತದೆ. ಒಂದು ಮಿತಿ ದಾಟಿದರೆ ಅದರ ಪೊರೆ ಕೆಡುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದು ಮಂಜು ಕರಗಿದಾಗ ನೀರು ವಾಪಸ್ ಒಳಗೆ ಹೋಗಲು ಪೊರೆ ಉಳಿದಿರುವುದಿಲ್ಲ. ನೀರು ಸಂದಿಯಲ್ಲೇ ನಿಲ್ಲುತ್ತದೆ. ಪ್ಯಾಡ್ ಬೇಯಿಸಿದ ತರಕಾರಿಯ ಹಾಗೆ ಕಡು ಹಸಿರಾಗಿ, ಬೆಳಕು ಹಾಯುವಂತೆ ಆಗುವುದು ಅದಕ್ಕೇ. ಅಂಥ ಪ್ಯಾಡನ್ನು ಚಾಕುವಿನಿಂದ ಸೀಳಿ ನೋಡಿ. ಜೀವ ಇರುವ ಪ್ಯಾಡ್ ಸೀಳಿದರೆ ಒಳಗೆ ಬಿಳಿ ತಿರುಳು ಗಟ್ಟಿಯಾಗಿರುತ್ತದೆ, ಅಂಚಿನಲ್ಲಿ ತಿಳಿ ಹಸಿರು ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ, ಲೋಳೆ ನೂಲಿನಂತೆ ಎಳೆಯುತ್ತದೆ. ಸತ್ತದ್ದರಲ್ಲಿ ಆ ಪಟ್ಟಿ ತಿರುಳಿನೊಂದಿಗೆ ಕಲಸಿಹೋಗಿರುತ್ತದೆ, ಒತ್ತಿದರೆ ನೀರು ಸುರಿಯುತ್ತದೆ. ಕೊಳೆ ರೋಗದ ಬ್ಯಾಕ್ಟೀರಿಯಾ, ಶಿಲೀಂಧ್ರ ಬರುವುದು ಆಮೇಲೆ, ಸತ್ತ ಭಾಗದ ಮೇಲೆ. ಕಪ್ಪು ಬಣ್ಣ ನೋಡಿ ರೋಗ ಎಂದುಕೊಳ್ಳುವುದು ಹೀಗೆ.

ಹಾಗಾದರೆ ಹಿಮ ಬೀಳುವ ದೇಶಗಳಲ್ಲಿ ಕಳ್ಳಿ ಕಾಡಿನಲ್ಲೇ ಬೆಳೆಯುತ್ತದಲ್ಲ, ಅದು ಹೇಗೆ? ಬೆಳೆಯುತ್ತದೆ, ನಿಜ. ಒಪನ್ಷಿಯಾ ಫ್ರ್ಯಾಜಿಲಿಸ್ ಎಂಬ ಪುಟ್ಟ ಬಗೆ ಕೆನಡಾದ ಪೀಸ್ ನದಿ ಕಣಿವೆಯವರೆಗೆ ಇದೆ. ಚಳಿಗೆ ಪಳಗಿದ ಮೇಲೆ ಅದು ಮೈನಸ್ 40ಕ್ಕಿಂತ ಕೆಳಗಿನ ಚಳಿಯನ್ನೂ ತಾಳಬಲ್ಲದು. ಒಪನ್ಷಿಯಾ ಹ್ಯುಮಿಫ್ಯೂಸಾ ಎಂಬ ಇನ್ನೊಂದು ಬಗೆ ಅಮೆರಿಕದ ಪೂರ್ವ ಭಾಗದಿಂದ ಕೆನಡಾದ ಒಂಟಾರಿಯೊ ತನಕ ಹಬ್ಬಿದೆ, ಮೈನಸ್ 20ರ ಚಳಿಯನ್ನೂ ತಡೆಯುತ್ತದೆ. ಇವುಗಳ ಗುಟ್ಟು ಇರುವುದು ಶರತ್ಕಾಲದಲ್ಲಿ. ರಾತ್ರಿಗಳು ತಣ್ಣಗಾಗುತ್ತಾ ಬಂದಂತೆ ಈ ಗಿಡಗಳು ತಾವಾಗಿಯೇ ನೀರು ಬಿಟ್ಟುಕೊಡುತ್ತವೆ. ಪ್ಯಾಡ್ ತೆಳ್ಳಗಾಗಿ, ಸುಕ್ಕುಗಟ್ಟಿ, ಕೆಲವೊಮ್ಮೆ ನೇರಳೆ ಬಣ್ಣಕ್ಕೆ ತಿರುಗಿ ನೆಲಕ್ಕೆ ಒರಗುತ್ತದೆ. ಉಳಿದ ರಸದಲ್ಲಿ ಸಕ್ಕರೆ ಅಂಶ ಏರುತ್ತದೆ. ಲೋಳೆ ಕೂಡ ನೀರನ್ನು ಹಿಡಿದಿಡುತ್ತದೆ. ಕಡಿಮೆ ನೀರು, ಜಾಸ್ತಿ ಸಕ್ಕರೆ ಅಂದರೆ ಮಂಜಿನ ಏಟು ಕಡಿಮೆ. ಹೊಸದಾಗಿ ಬೆಳೆಯುವವರು ಇದನ್ನು ನೋಡಿ ಗಿಡ ಸಾಯುತ್ತಿದೆ ಎಂದು ನೀರು ಹಾಕುತ್ತಾರೆ. ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇಲ್ಲ. ಬಾಡಿ ಬಿದ್ದಂತೆ ಕಾಣುವ ಗಿಡ ಆರೋಗ್ಯವಾಗಿದೆ. ವಸಂತದಲ್ಲಿ ನೆಲ ಬೆಚ್ಚಗಾದಾಗ ತಾನೇ ನೀರು ಕುಡಿದು ಎದ್ದು ನಿಲ್ಲುತ್ತದೆ.

ಫೈಕಸ್-ಇಂಡಿಕಾಗೂ ಈ ಪಳಗುವ ಗುಣ ಇದೆ, ಆದರೆ ತೀರಾ ಅಲ್ಪ. ನಿಧಾನವಾಗಿ ಚಳಿ ಏರಿದರೆ ಕೆಲವೇ ಡಿಗ್ರಿ ಹೆಚ್ಚು ತಾಳುತ್ತದೆ, ಅಷ್ಟೇ. ಶರತ್ಕಾಲದವರೆಗೂ ನೀರು, ಸಾರಜನಕದ ಗೊಬ್ಬರ ಸಿಕ್ಕಿದ ಗಿಡ ಆ ಅಲ್ಪವನ್ನೂ ಕಳೆದುಕೊಳ್ಳುತ್ತದೆ, ತುಂಬಿಕೊಂಡು ಮೆತ್ತಗಿರುವ ಪ್ಯಾಡ್‌ಗಳೊಂದಿಗೆ ಚಳಿಗಾಲಕ್ಕೆ ಕಾಲಿಡುತ್ತದೆ. ನೀರು ಜಾಸ್ತಿ ಕೊಟ್ಟು ಕೊಂದಿರಿ ಎಂದವರ ಮಾತಿನಲ್ಲಿ ಇಷ್ಟು ಸತ್ಯ ಇದೆ. ನೀರು ಕೊಡದಿದ್ದರೆ ಕೆಲವು ಗಿಡ ಹೆಚ್ಚು ಉಳಿಯುತ್ತಿದ್ದವೇನೋ. ತೋಟ ಮಾತ್ರ ಉಳಿಯುತ್ತಿರಲಿಲ್ಲ.

ಇನ್ನು ಬುಡದಿಂದ ಬಂದ ಚಿಗುರು. ಅದನ್ನು ನೋಡಿ ನಿಮಗೆ ಆಸೆ ಹುಟ್ಟಿದೆ, ಸಹಜ. ಆದರೆ ಹಣ್ಣಿನ ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ. ಪಾಪಾಸುಕಳ್ಳಿಯಲ್ಲಿ ಹೂಮೊಗ್ಗು ಬಹುಪಾಲು ಬರುವುದು ಹಿಂದಿನ ವರ್ಷ ಬೆಳೆದ ಪ್ಯಾಡ್‌ಗಳ ಅಂಚಿನ ಮೇಲೆ. ಚಳಿಗಾಲ ಆ ಪ್ಯಾಡ್‌ಗಳನ್ನು ಕೊಂದರೆ ಆ ವರ್ಷದ ಬೆಳೆ ಅಲ್ಲೇ ಹೋಯಿತು. ಬುಡದಿಂದ ಹೊಸ ಪ್ಯಾಡ್ ಬರುತ್ತದೆ, ಬೇಸಿಗೆಯಲ್ಲಿ ಬಲಿಯುತ್ತದೆ, ಮುಂದಿನ ವರ್ಷ ಹೂ ಬಿಡಬೇಕು. ಅಷ್ಟರಲ್ಲಿ ಮತ್ತೆ ಮೈನಸ್ 10. ಗಿಡ ವರ್ಷವರ್ಷವೂ ಬದುಕುತ್ತದೆ, ಒಂದು ಹಣ್ಣೂ ಕೊಡುವುದಿಲ್ಲ. ಈ ಕೃಷಿಯಲ್ಲಿ ಜನ ಮೋಸಹೋಗುವುದು ಇಲ್ಲಿಯೇ. ಗಿಡ ಉಳಿಯುವ ಉಷ್ಣಾಂಶ ಮತ್ತು ಬೆಳೆ ಉಳಿಯುವ ಉಷ್ಣಾಂಶ ಎರಡೂ ಒಂದೇ ಎಂದುಕೊಳ್ಳುತ್ತಾರೆ.

ಚಳಿಗಾಲ ದಾಟಿದರೂ ಇನ್ನೊಂದು ತೊಡಕಿದೆ. ಈ ಗಿಡ ಹಗಲು ಸುಮಾರು 25, ರಾತ್ರಿ ಸುಮಾರು 15 ಡಿಗ್ರಿ ಇರುವಲ್ಲಿ ಚೆನ್ನಾಗಿ ಬೆಳೆಯುತ್ತದೆ. ಇದು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುವುದು ರಾತ್ರಿ ಹೊತ್ತು, ಹಗಲಿನ ಬಿಸಿಯಲ್ಲಿ ನೀರು ಕಳೆದುಕೊಳ್ಳಬಾರದೆಂದು. ರಾತ್ರಿ ತೀರಾ ತಣ್ಣಗಾದರೆ ಆ ಕೆಲಸ ಕುಂಠಿತವಾಗುತ್ತದೆ. ಹೂವಿನಿಂದ ಹಣ್ಣಿಗೆ ಬಿಸಿಯ ಮೇಲೆ ಹೋಗಿ ಎರಡೂವರೆ ತಿಂಗಳಿನಿಂದ ಐದು ತಿಂಗಳು ಬೇಕು. ಚಳಿ ಪ್ರದೇಶದಲ್ಲಿ ಮೊಗ್ಗು ಬರುವುದು ತಡ, ಹಣ್ಣು ಮಾಗುವ ಹೊತ್ತಿಗೆ ರಾತ್ರಿಗಳು ತಣ್ಣಗೆ. ಕಾಯಿ ಗಿಡದಲ್ಲೇ ನಿಂತು, ಮೊದಲ ಹಿಮಕ್ಕೆ ಸಿಕ್ಕುತ್ತದೆ. ಸಿಸಿಲಿಯ ಬೆಳೆಗಾರರು ಬೇಸಿಗೆಯ ಆರಂಭದಲ್ಲಿ ಮೊದಲ ಹೂಗಳನ್ನೆಲ್ಲ ಕಿತ್ತುಹಾಕಿ, ಎರಡನೇ ಸಲ ಹೂ ಬಿಡಿಸಿ, ಶರತ್ಕಾಲದಲ್ಲಿ ದೊಡ್ಡ ಹಣ್ಣು ತೆಗೆಯುತ್ತಾರೆ. ಬೆಲೆಯೂ ಚೆನ್ನಾಗಿ ಸಿಗುತ್ತದೆ. ಅದನ್ನು ಓದಿ ಚಳಿ ಪ್ರದೇಶದವರೂ ಮಾಡಲು ಹೋಗುತ್ತಾರೆ. ದಯವಿಟ್ಟು ಮಾಡಬೇಡಿ. ಅಲ್ಲಿ ಶರತ್ಕಾಲ ಉದ್ದ, ಬೆಚ್ಚಗೆ. ನಿಮ್ಮಲ್ಲಿ ಆ ಎರಡನೇ ಹಣ್ಣಿಗೆ ಮಾಗಲು ಸಮಯವೇ ಸಿಗುವುದಿಲ್ಲ.

ಈಗ ನರ್ಸರಿಯವರ ಮಾತು. ಮೈನಸ್ 20 ತಡೆಯುವ ಮುಳ್ಳಿಲ್ಲದ ಕಳ್ಳಿ ಎನ್ನುವುದು ಪೂರ್ತಿ ಸುಳ್ಳು ಆಗಬೇಕಿಲ್ಲ. ಎಲಿಸಿಯಾನಾ ಎಂಬ ಹೆಸರಿನ ಒಂದು ಬಗೆ ಇದೆ. ಟೆಕ್ಸಾಸ್‌ನಲ್ಲಿ ಅದನ್ನು ಮೇವಿಗಾಗಿ ಅಧ್ಯಯನ ಮಾಡಿದ್ದಾರೆ. ಫೈಕಸ್-ಇಂಡಿಕಾ ಸಾಲುಸಾಲಾಗಿ ಸತ್ತ ಚಳಿಯಲ್ಲಿ ಅದು ನಿಂತಿದೆ. ಉದ್ದ ಮುಳ್ಳು ಇಲ್ಲ. ಆದರೆ ಅದು ನಿಧಾನವಾಗಿ ಬೆಳೆಯುವ ಗಿಡ, ಹಣ್ಣು ಚಿಕ್ಕದು. ಅಂಗಡಿಯಲ್ಲಿ ಕಾಣುವ ಆ ದಪ್ಪ ಹಣ್ಣು ಅದರಿಂದ ಬರುವುದಿಲ್ಲ. ಅಂದರೆ ಮಾರುವವರು ಚಳಿ ತಡೆಯುವ ಬಗ್ಗೆ ನಿಜ ಹೇಳಿ, ಹಣ್ಣಿನ ಬಗ್ಗೆ ಬಾಯಿ ಬಿಡದೆ ಇರಬಹುದು. ಮುಳ್ಳಿಲ್ಲದಿರುವುದಕ್ಕೂ ಚಳಿ ತಡೆಯುವುದಕ್ಕೂ ಸಂಬಂಧವೇ ಇಲ್ಲ ಎನ್ನುವುದನ್ನೂ ನೆನಪಿಡಿ. ಕ್ಯಾಲಿಫೋರ್ನಿಯಾದ ಸಸ್ಯ ತಳಿಗಾರ ಲೂಥರ್ ಬರ್ಬ್ಯಾಂಕ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮುಳ್ಳಿಲ್ಲದ ಕಳ್ಳಿಯನ್ನು ದೊಡ್ಡ ಪ್ರಚಾರದೊಂದಿಗೆ ಮಾರಿದರು. ಅವುಗಳ ಮೂಲ ಫೈಕಸ್-ಇಂಡಿಕಾ. ಗಟ್ಟಿ ಹಿಮದ ಮುಂದೆ ಅವು ನಿಲ್ಲುವ ಗಿಡಗಳಲ್ಲ.

ಅವರನ್ನು ಕೆಲವು ಪ್ರಶ್ನೆ ಕೇಳಿ. ಸಸ್ಯಶಾಸ್ತ್ರದ ಹೆಸರೇನು? ತಾಯಿ ಗಿಡಗಳು ಬಯಲಿನಲ್ಲಿವೆಯೇ, ಶೆಡ್ಡಿನಲ್ಲಿವೆಯೇ? ಅವು ಕಂಡ ಅತಿ ಕೆಟ್ಟ ಚಳಿ ಎಷ್ಟು, ಆಗ ನೆಲ ಒಣಗಿತ್ತೇ ಒದ್ದೆಯಿತ್ತೇ? ಅದಾದ ಮರು ಬೇಸಿಗೆಯಲ್ಲಿ ಹಣ್ಣು ಬಂತೇ? ಕೊನೆಯ ಪ್ರಶ್ನೆಗೆ ಗಿಡದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರೆ ಮಾತ್ರ ಮುಂದಿನ ಮಾತು. ಒಣ ಮರಳಿನಲ್ಲಿ ಮೈನಸ್ 20 ತಡೆದ ಗಿಡ ನಿಮ್ಮ ಒದ್ದೆ ನೆಲದಲ್ಲಿ ಅದರ ಅರ್ಧ ಚಳಿಗೇ ಬುಡ ಕೊಳೆತು ಹೋಗಬಹುದು.

ದೊಡ್ಡ ಹಣ್ಣಿನ ಬಗೆ ಮತ್ತು ಚಳಿ ತಡೆಯುವ ಬಗೆಯನ್ನು ಕೂಡಿಸಿ ಹೊಸ ತಳಿ ಮಾಡಬಹುದಲ್ವಾ ಎಂದು ಕೇಳುತ್ತೀರಿ. ಆ ಕೆಲಸ ನಿಧಾನ. ಫೈಕಸ್-ಇಂಡಿಕಾದಲ್ಲಿ ಸಾಮಾನ್ಯವಾಗಿ 88 ವರ್ಣತಂತುಗಳು, ಹ್ಯುಮಿಫ್ಯೂಸಾದಲ್ಲಿ ಸಾಮಾನ್ಯವಾಗಿ 44. ಇಂಥ ಜೋಡಿ ಸುಲಭಕ್ಕೆ ಕೂಡುವುದಿಲ್ಲ. ಅದರ ಜೊತೆಗೆ ಕಳ್ಳಿಯ ಒಂದು ಬೀಜದಿಂದ ಎರಡು ಮೂರು ಸಸಿ ಬರುವುದುಂಟು, ಅವುಗಳಲ್ಲಿ ಹಲವು ತಾಯಿ ಗಿಡದ ಅಂಗಾಂಶದಿಂದಲೇ ಹುಟ್ಟಿದ, ತಾಯಿಯ ತದ್ರೂಪಗಳು. ಯಾವುದು ನಿಜವಾದ ಕೂಡುತಳಿ ಎಂದು ಕಂಡುಹಿಡಿಯುವುದೇ ಒಂದು ಕೆಲಸ. ಸಸಿ ಹಣ್ಣು ಬಿಡಲು ಮತ್ತೆ ವರ್ಷಗಳು. ಆದ್ದರಿಂದ ದೊಡ್ಡ ಸಿಹಿ ಹಣ್ಣು, ಮುಳ್ಳಿಲ್ಲ, ಮೈನಸ್ 20 ಎಂಬ ಮೂರನ್ನೂ ಒಟ್ಟಿಗೆ ಕೊಡುತ್ತೇನೆ ಎನ್ನುವವರ ಮಾತಿಗೆ ಹಣ ಕಟ್ಟಬೇಡಿ.

ಹಾಗಿದ್ದರೆ ನಿಮಗೆ ಉಳಿದಿರುವ ದಾರಿಗಳು ಯಾವುವು?

ನನಗೆ ಹೆಚ್ಚು ಭರವಸೆ ಇರುವುದು ಹಣ್ಣಿನ ಆಸೆ ಬಿಟ್ಟು ಎಳೆ ಪ್ಯಾಡಿನ ಕಡೆ ತಿರುಗುವುದರಲ್ಲಿ. ಮೆಕ್ಸಿಕೊದಲ್ಲಿ ನೋಪಾಲ್ ಎಂದು ತರಕಾರಿಯಾಗಿ ತಿನ್ನುವುದು ಇದನ್ನೇ. ಅಂಗೈಯಷ್ಟು ಉದ್ದ ಇರುವಾಗಲೇ ಕೊಯ್ಯುತ್ತಾರೆ. ಇಲ್ಲಿ ಹಣ್ಣಿನಂತೆ ಹಿಂದಿನ ವರ್ಷದ ಪ್ಯಾಡ್ ಚಳಿಗಾಲ ದಾಟಿ, ಹೂ ಬಿಟ್ಟು, ತಿಂಗಳುಗಟ್ಟಲೆ ಮಾಗಬೇಕು ಎನ್ನುವ ಕಷ್ಟ ಇಲ್ಲ. ಪ್ಯಾಡ್‌ಗಳನ್ನು ವಸಂತದಲ್ಲಿ ಹಿಮದ ಭಯ ಹೋದ ಮೇಲೆ ದಟ್ಟವಾಗಿ ಮಡಿಗಳಲ್ಲಿ ನೆಡಬೇಕು. ನೆಲ ಬೆಚ್ಚಗಿದ್ದರೆ ಎರಡು ಮೂರು ತಿಂಗಳಲ್ಲಿ ಕೊಯ್ಲಿಗೆ ಎಳೆ ಪ್ಯಾಡ್ ಸಿಗುತ್ತದೆ. ಶರತ್ಕಾಲದಲ್ಲಿ ಒಳ್ಳೆಯ ಬಲಿತ ಪ್ಯಾಡ್‌ಗಳನ್ನು ಕತ್ತರಿಸಿ, ಗಾಯ ಒಣಗಿಸಿ, ಒಣಗಿದ, ಹಿಮ ಬೀಳದ ಕೊಠಡಿಯಲ್ಲಿ ಇಟ್ಟರೆ ಮುಂದಿನ ವಸಂತಕ್ಕೆ ಅದೇ ನೆಡುವ ಸಾಮಗ್ರಿ. ಕತ್ತರಿಸಿದ ಪ್ಯಾಡ್ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಬೇರೆ ಬೆಳೆಗೆ ಇಲ್ಲದ ಅನುಕೂಲ ಇದು. ಬಯಲಿನಲ್ಲಿ ಉಳಿದದ್ದು ಚಳಿಗೆ ಸತ್ತರೆ ಸಾಯಲಿ. ನೀವು ಅದನ್ನು ಒಂದು ಋತುವಿನ ಬೆಳೆ ಎಂದೇ ಲೆಕ್ಕ ಹಾಕಿರುತ್ತೀರಿ. ಕೊಯ್ಯುವ ಹೊತ್ತಿನ ಬಗ್ಗೆ ಒಂದು ಮಾತು. ರಾತ್ರಿ ಪೂರ್ತಿ ಗಿಡ ಹುಳಿ ಆಮ್ಲ ಕೂಡಿಡುತ್ತದೆ, ಹಗಲಿನಲ್ಲಿ ಅದನ್ನು ಬಳಸಿಕೊಳ್ಳುತ್ತದೆ. ಹಾಗಾಗಿ ಬೆಳ್ಳಂಬೆಳಿಗ್ಗೆ ಕೊಯ್ದ ಪ್ಯಾಡ್ ತುಂಬಾ ಹುಳಿ, ಮಧ್ಯಾಹ್ನದ ಹೊತ್ತಿಗೆ ಕೊಯ್ದದ್ದು ಕಡಿಮೆ ಹುಳಿ. ಇದರ ಅಪಾಯ ಇರುವುದು ಮಾರುಕಟ್ಟೆಯಲ್ಲಿ. ಎಳೆ ಪ್ಯಾಡ್ ಬೇಗ ಬಾಡುತ್ತದೆ. ಇದನ್ನು ತಿಂದು ಗೊತ್ತಿರುವ ಗಿರಾಕಿ ಹತ್ತಿರದಲ್ಲಿ ಇಲ್ಲದಿದ್ದರೆ ಬೆಳೆದು ಏನು ಮಾಡುತ್ತೀರಿ? ಮೊದಲು ಕೊಳ್ಳುವವರನ್ನು ಹುಡುಕಿ, ಆಮೇಲೆ ನೆಡಿ.

ಪ್ಲಾಸ್ಟಿಕ್ ಹೊದಿಕೆಯ ಸಲಹೆ ಬಂದಿದೆಯಲ್ಲ, ಅದು ಸರಿಹೋಗುವುದು ಈ ಎಳೆ ಪ್ಯಾಡಿನ ಬೆಳೆಗೆ, ಅದೂ ಚಳಿಯ ತೀವ್ರತೆ ಕಡಿಮೆ ಇರುವಲ್ಲಿ. ಮೆಕ್ಸಿಕೊ ನಗರದ ಮಿಲ್ಪಾ ಆಲ್ಟಾದಲ್ಲಿ ಗಿಡ ಕುಳ್ಳಗಿಟ್ಟು, ಚಳಿಗಾಲದಲ್ಲಿ ಸಾಲಿನ ಮೇಲೆ ತಗ್ಗಾದ ಪ್ಲಾಸ್ಟಿಕ್ ಕಮಾನು ಹಾಕುತ್ತಾರೆ. ಅಲ್ಲಿಯ ಚಳಿ ನಿಮ್ಮ ಚಳಿಯಲ್ಲ. ಒಲೆ, ಹೀಟರ್ ಏನೂ ಇಲ್ಲದ ಒಂದು ಪದರದ ಪ್ಲಾಸ್ಟಿಕ್ ರಾತ್ರಿ ಹೊತ್ತು ಒಂದೆರಡು ಡಿಗ್ರಿ ಉಳಿಸಿದರೆ ಹೆಚ್ಚು. ಹೊರಗೆ ಮೈನಸ್ 10 ಇದ್ದರೆ ಒಳಗೆ ಮೈನಸ್ 8. ನಿಮ್ಮ ಗಿಡಕ್ಕೆ ಅದರಿಂದ ಏನೂ ಲಾಭವಿಲ್ಲ. ಪ್ಲಾಸ್ಟಿಕ್ ಪ್ಯಾಡಿಗೆ ತಾಗಿದ್ದರೆ ತಾಗಿದ ಜಾಗವೇ ಮೊದಲು ಸುಡುತ್ತದೆ. ಹಗಲು ಬಿಸಿಲಿನಲ್ಲಿ ಒಳಗೆ ವಿಪರೀತ ಬಿಸಿಯಾಗಿ, ತೇವ ತುಂಬಿ, ಕೊಳೆ ರೋಗಕ್ಕೆ ದಾರಿಯಾಗುತ್ತದೆ. ಬಾಗಿಲು ತೆರೆದು ಮುಚ್ಚುವ ಕೆಲಸ ದಿನಾ ಇರುತ್ತದೆ. ಬಿಸಿ ಮಾಡುವ ವ್ಯವಸ್ಥೆ ಇರುವ ದೊಡ್ಡ ಪಾಲಿಹೌಸ್‌ನಲ್ಲಿ ಹಣ್ಣೂ ಬೆಳೆಯಬಹುದು, ತಾಂತ್ರಿಕವಾಗಿ ಅಡ್ಡಿ ಇಲ್ಲ. ಆದರೆ ಹಣ್ಣಿನ ಗಿಡ ಆಳೆತ್ತರಕ್ಕೂ ಮೀರಿ ಬೆಳೆಯುತ್ತದೆ. ಅಷ್ಟು ಗಾಳಿಯನ್ನು ಚಳಿಗಾಲ ಪೂರ್ತಿ ಬೆಚ್ಚಗಿಡುವ ಖರ್ಚನ್ನು ಈ ಹಣ್ಣು ತೀರಿಸಿದ ಉದಾಹರಣೆ ನಾನು ನೋಡಿಲ್ಲ.

ಎರಡನೇ ದಾರಿ, ಚಳಿ ತಡೆಯುವ ಬಗೆಯನ್ನೇ ಬೆಳೆ ಮಾಡಿಕೊಳ್ಳುವುದು. ಇದು ಬರೀ ಕನಸಲ್ಲ. ದಕ್ಷಿಣ ಕೊರಿಯಾದಲ್ಲಿ ಬೆಚ್ಚಗಿನ ಜೆಜು ದ್ವೀಪದಲ್ಲಿ ಒಂದು ಬಗೆಯ ಪಾಪಾಸುಕಳ್ಳಿ ಬೆಳೆಯುತ್ತಾರೆ. ಚಳಿ ಜಾಸ್ತಿ ಇರುವ ಮುಖ್ಯ ಭೂಭಾಗದಲ್ಲಿ ಅದನ್ನು ಬಿಟ್ಟು ಹ್ಯುಮಿಫ್ಯೂಸಾವನ್ನೇ ಹೊಲದ ಬೆಳೆಯಾಗಿ ಬೆಳೆದು, ಪ್ಯಾಡ್ ಮತ್ತು ಹಣ್ಣನ್ನು ಪುಡಿ, ರಸ, ಆರೋಗ್ಯ ಪದಾರ್ಥಗಳಿಗೆ ಬಳಸುತ್ತಾರೆ. ಒಂದೇ ದೇಶ, ಎರಡು ಹವಾಮಾನ, ಎರಡು ಗಿಡ. ನೀವೂ ಹೀಗೆ ಯೋಚಿಸಬಹುದು. ಹಣ್ಣು ಚಿಕ್ಕದು, ಬೀಜ ಜಾಸ್ತಿ, ಹಾಗೇ ತಿನ್ನಲು ಮಾರುವುದಕ್ಕಲ್ಲ. ಸಂಸ್ಕರಣೆ ಇಲ್ಲದೆ ಇದಕ್ಕೆ ಬೆಲೆ ಇಲ್ಲ. ಇನ್ನು ಉದ್ದ ಮುಳ್ಳು ಇರಲಿ ಇಲ್ಲದಿರಲಿ, ಪ್ಯಾಡ್ ಮತ್ತು ಹಣ್ಣಿನ ಮೈಮೇಲಿನ ಚುಕ್ಕೆಗಳಲ್ಲಿ ಕೂದಲಿನಷ್ಟು ಸಣ್ಣ ಮುಳ್ಳಿನ ಕುಚ್ಚು ಇರುತ್ತದೆ. ಮುಟ್ಟಿದರೆ ಚರ್ಮದಲ್ಲಿ ಸೇರಿ ಮುರಿಯುತ್ತದೆ, ಗಾಳಿಗೆ ಕಣ್ಣಿಗೂ ಬೀಳುತ್ತದೆ. ಕೊಯ್ಲಿಗೆ ಬರುವವರಿಗೆ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಕೊಡಲೇಬೇಕು. ಫಿಯಾಕ್ಯಾಂಥಾ, ಎಂಗೆಲ್ಮನ್ನಿ ಎಂಬ ಬಗೆಗಳ ಹಣ್ಣು ಹ್ಯುಮಿಫ್ಯೂಸಾದ ಹಣ್ಣಿಗಿಂತ ರಸಭರಿತ, ಕಡು ಕೆಂಪು ರಸ ಬರುತ್ತದೆ. ಅವೂ ಹಿಮ ತಡೆಯುವ ಬಗೆಗಳೇ, ಆದರೆ ಮುಳ್ಳು ಭಯಂಕರ.

ಮೂರನೆಯದು ಮೇವು. ಜಾನುವಾರು ಇದ್ದರೆ ಎಲಿಸಿಯಾನಾದಂಥ ಬಗೆ ಯೋಚಿಸಬಹುದು. ನಾಲ್ಕೈದು ವರ್ಷ ಕಾಯುವ ತಾಳ್ಮೆ ಬೇಕು. ಕಳ್ಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಪ್ರೋಟೀನ್ ಕಡಿಮೆ, ನಾರು ಕಡಿಮೆ. ಒಂದನ್ನೇ ತಿನ್ನಿಸಿದರೆ ಸಗಣಿ ನೀರಾಗುತ್ತದೆ. ಒಣ ಮೇವು ಮತ್ತು ಪ್ರೋಟೀನ್ ಇರುವ ಹಿಂಡಿಯ ಜೊತೆ ಬೆರೆಸಿ ಕೊಡಬೇಕು. ಬರಗಾಲದಲ್ಲಿ ನೀರೂ ಮೇವೂ ಒಟ್ಟಿಗೆ ಆಗುತ್ತದೆ, ಅದೇ ಅದರ ದೊಡ್ಡ ಗುಣ.

ಯಾವ ಬಗೆ ಹಾಕಿದರೂ ಜಾಗದ ಆಯ್ಕೆ ಅರ್ಧ ಕೆಲಸ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಒಂದೇ ಜಮೀನಿನ ತಗ್ಗಿಗೂ ಇಳಿಜಾರಿನ ಮಧ್ಯಕ್ಕೂ ಹಲವು ಡಿಗ್ರಿ ವ್ಯತ್ಯಾಸ ಇರಬಹುದು. ನೀವು ಹೇಳಿದ ಮೈನಸ್ 10 ಎಲ್ಲಿಯ ಲೆಕ್ಕ? ಹವಾಮಾನ ವರದಿಯದ್ದಾದರೆ ನಿಮ್ಮ ಹೊಲದ ಲೆಕ್ಕ ಬೇರೆಯೇ ಇರುತ್ತದೆ. ಕನಿಷ್ಠ ಉಷ್ಣಾಂಶ ಗುರುತಿಡುವ ಥರ್ಮಾಮೀಟರ್ ತಂದು, ಹೊಲದ ತಗ್ಗಿನಲ್ಲಿ ಒಂದು, ಇಳಿಜಾರಿನಲ್ಲಿ ಒಂದು, ಗಿಡದ ಎತ್ತರಕ್ಕೆ ಕಟ್ಟಿ. ನಾಲ್ಕು ಕಾಸಿನ ಖರ್ಚು, ಅದು ಉಳಿಸುವ ನಷ್ಟ ದೊಡ್ಡದು. ಮಧ್ಯಾಹ್ನದ ಬಿಸಿಲು ನೇರ ಬೀಳುವ ಇಳಿಜಾರು, ಅದರ ಹಿಂದೆ ಕಲ್ಲಿನ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಹಗಲು ಹೀರಿದ ಬಿಸಿಯನ್ನು ಗೋಡೆ ರಾತ್ರಿ ಬಿಡುತ್ತದೆ.

ನಿಮ್ಮ ನೆಲದ ಒದ್ದೆತನ ನನಗೆ ಚಳಿಯಷ್ಟೇ ಚಿಂತೆ ತಂದಿದೆ. ಬಿದ್ದ ಹಿಮ ಹಾಗೇ ನಿಂತರೆ ಕುಳ್ಳಗಿನ ಕಳ್ಳಿಗೆ ಅದು ಹೊದಿಕೆ, ಒಳಗೆ ಅಷ್ಟು ಚಳಿ ಇರುವುದಿಲ್ಲ. ಕರಗಿ, ಮತ್ತೆ ಹೆಪ್ಪುಗಟ್ಟಿ, ಮತ್ತೆ ಕರಗುವ ನೆಲದಲ್ಲಿ ಬೇರು ಮತ್ತು ಬುಡ ಉಸಿರುಗಟ್ಟಿ ಕೊಳೆಯುತ್ತವೆ. ಜೇಡಿಮಣ್ಣು ಆಗಿದ್ದರೆ ಮೊಣಕಾಲೆತ್ತರದ ಏರುಮಡಿ ಮಾಡಿ, ಜಲ್ಲಿ ಮತ್ತು ದಪ್ಪ ಮರಳು ಬೆರೆಸಿ. ಬುಡದ ಸುತ್ತ ಒಣ ಹುಲ್ಲು, ಎಲೆ ಹೊದಿಸಬೇಡಿ, ಅದು ತೇವ ಹಿಡಿಯುತ್ತದೆ. ಸಣ್ಣ ಕಲ್ಲು ಹಾಸಿ. ನೀರು ಕೊಡುವುದನ್ನು ಮೊದಲ ಹಿಮ ಬೀಳುವ ಒಂದೂವರೆ ಎರಡು ತಿಂಗಳ ಮೊದಲೇ ನಿಲ್ಲಿಸಿ. ಬೇಸಿಗೆಯ ಮಧ್ಯದ ನಂತರ ಸಾರಜನಕದ ಗೊಬ್ಬರ ಬೇಡವೇ ಬೇಡ. ನೆಡುವುದು ವಸಂತದಲ್ಲಿ ಮಾತ್ರ. ಶರತ್ಕಾಲದಲ್ಲಿ ನೆಟ್ಟ ಗಿಡ ಬೇರು ಬಿಡುವ ಮೊದಲೇ ಚಳಿಗೆ ಸಿಗುತ್ತದೆ.

ಈಗ ಹೊಲದಲ್ಲಿ ಉಳಿದಿರುವ ಗಿಡಗಳಿಗೆ ಏನು ಮಾಡಬೇಕು? ಗೊಜ್ಜಿನಂತಾದ ಪ್ಯಾಡ್‌ಗಳನ್ನು ಒಣ ಹವೆ ನೋಡಿಕೊಂಡು ಕೀಲಿನ ಜಾಗಕ್ಕೇ ಕತ್ತರಿಸಿ ತೆಗೆಯಿರಿ, ಹೊಲದಲ್ಲಿ ಬಿಡಬೇಡಿ. ಪ್ರತಿ ಗಿಡದ ನಂತರ ಚಾಕು ಒರೆಸಿ. ಅರ್ಧ ಸತ್ತಂತೆ ಕಾಣುವ ಪ್ಯಾಡ್‌ಗಳನ್ನು ತಕ್ಷಣ ಕತ್ತರಿಸಬೇಡಿ, ನಿಜವಾಗಿ ಎಲ್ಲಿಯವರೆಗೆ ಸತ್ತಿದೆ ಎಂದು ತಿಳಿಯಲು ಕೆಲವು ವಾರ ಬೇಕು. ಗಟ್ಟಿಯಾಗಿ ಉಳಿದ ಪ್ಯಾಡ್ ಸಿಕ್ಕರೆ ನೆರಳಿನಲ್ಲಿ ಎರಡರಿಂದ ನಾಲ್ಕು ವಾರ ಗಾಯ ಮಾಯಲು ಬಿಟ್ಟು, ಮೂರನೇ ಒಂದು ಭಾಗ ಮಣ್ಣಿನಲ್ಲಿ ಇರುವಂತೆ ನೆಡಿ. ಎಳೆ ಪ್ಯಾಡಿನ ಪ್ರಯೋಗಕ್ಕೆ ಇವೇ ಸಾಕು, ಹೊಸದಾಗಿ ಕೊಳ್ಳುವ ಅಗತ್ಯ ಇಲ್ಲ.

ಹೊಸ ಬಗೆ ತರುವ ಮುನ್ನ ಇನ್ನೊಂದು ವಿಷಯ ಖಂಡಿತ ವಿಚಾರಿಸಿ. ಕೆಲವು ದೇಶಗಳಲ್ಲಿ ಪಾಪಾಸುಕಳ್ಳಿಯ ಕೆಲವು ಬಗೆಗಳನ್ನು ಬೆಳೆಯುವುದಕ್ಕೇ ನಿರ್ಬಂಧ ಇದೆ. ಆಸ್ಟ್ರೇಲಿಯಾದಲ್ಲಿ ಕಳೆದ ಶತಮಾನದ ಆರಂಭದಲ್ಲಿ ಅದು ಸುಮಾರು 2.4 ಕೋಟಿ ಹೆಕ್ಟೇರ್ ನೆಲ ಆವರಿಸಿ ರೈತರನ್ನು ಊರು ಬಿಡಿಸಿತ್ತು. 1926ರಲ್ಲಿ ಅರ್ಜೆಂಟೀನಾದಿಂದ ತಂದ, ಮರಿಹುಳು ಕಳ್ಳಿಯನ್ನೇ ತಿನ್ನುವ ಕಳ್ಳಿ ಪತಂಗವನ್ನು ಬಿಟ್ಟ ಮೇಲೆ ಹತೋಟಿಗೆ ಬಂತು. ಚಳಿ ಇರುವಲ್ಲಿ ಹಬ್ಬುವುದಿಲ್ಲ ಎಂದುಕೊಳ್ಳಬೇಡಿ. ಚಳಿ ತಡೆಯುವ ಬಗೆ ಅಂದರೆ ಚಳಿಯಲ್ಲೂ ಹಬ್ಬುವ ಬಗೆ. ಸ್ವಿಟ್ಜರ್ಲೆಂಡ್‌ನ ವಾಲೇ ಕಣಿವೆಯ ಬಂಡೆಗಳ ಮೇಲೆ ಹ್ಯುಮಿಫ್ಯೂಸಾ ತಾನಾಗಿಯೇ ನೆಲೆಯೂರಿದೆ. ಮುರಿದು ಬಿದ್ದ ಒಂದು ಪ್ಯಾಡ್ ಸಾಕು ಬೇರು ಬಿಡಲು. ತರುವ ಪ್ಯಾಡಿನ ಮೇಲೆ ಹತ್ತಿಯಂಥ ಬಿಳಿ ಗುಪ್ಪೆ ಇದೆಯೇ ನೋಡಿ. ಉಜ್ಜಿದರೆ ಕೆಂಪು ಬಣ್ಣ ಬಂದರೆ ಅದು ಕಳ್ಳಿಯ ರಸ ಹೀರುವ ಕೊಚಿನೀಲ್ ಹುಳು. 2014ರಲ್ಲಿ ಮೊರಾಕ್ಕೊದಲ್ಲಿ ಕಾಣಿಸಿಕೊಂಡ ಒಂದು ಬಗೆ ಕೆಲವೇ ವರ್ಷಗಳಲ್ಲಿ ಅಲ್ಲಿಯ ಬಹಳಷ್ಟು ಕಳ್ಳಿ ತೋಟಗಳನ್ನು ಮುಗಿಸಿಬಿಟ್ಟಿತು. ಅಂಥ ಪ್ಯಾಡ್ ಅಗ್ಗಕ್ಕೆ ಸಿಕ್ಕರೂ ಬೇಡ.

ಕೊನೆಗೆ ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ. ಒಂದೂವರೆ ಎಕರೆಗೆ ಈಗ ಏನನ್ನೂ ಹಾಕಬೇಡಿ. ಅರ್ಧ ಎಕರೆಯಲ್ಲೇ ಇಳಿಜಾರಿನ ಜಾಗ ಆರಿಸಿ, ಏರುಮಡಿ ಮಾಡಿ, ಹ್ಯುಮಿಫ್ಯೂಸಾ, ಎಲಿಸಿಯಾನಾ, ಮತ್ತು ಸಿಕ್ಕರೆ ಫಿಯಾಕ್ಯಾಂಥಾ, ಒಂದೊಂದರಲ್ಲಿ ಇಪ್ಪತ್ತು ಮೂವತ್ತು ಗಿಡ ನೆಡಿ. ಪಕ್ಕದಲ್ಲಿ ಎಳೆ ಪ್ಯಾಡಿಗೆ ಎರಡು ಮಡಿ. ಕನಿಷ್ಠ ಎರಡು ಚಳಿಗಾಲ ದಾಟಲಿ, ಅದರಲ್ಲಿ ಒಂದಾದರೂ ಕೆಟ್ಟ ಚಳಿಗಾಲ ಆಗಿರಲಿ. ಹಣ್ಣೇ ಬೇಕು, ದೊಡ್ಡದೇ ಬೇಕು ಎನ್ನುವುದಾದರೆ ನಿಮ್ಮ ಜಮೀನಿಗೆ ಈ ಬೆಳೆ ಬೇಡ ಎಂದು ಇವತ್ತೇ ಹೇಳಿಬಿಡುತ್ತೇನೆ. ಪ್ರತಿ ವಸಂತದಲ್ಲಿ ಎಷ್ಟು ಗಿಡ ಬದುಕಿದೆ ಎಂದು ಎಣಿಸಿ ಸುಮ್ನೆ ಕೂರಬೇಡಿ. ಹಿಂದಿನ ವರ್ಷದ ಪ್ಯಾಡ್‌ಗಳಲ್ಲಿ ಎಷ್ಟು ಉಳಿದಿವೆ, ಅವುಗಳ ಅಂಚಿನಲ್ಲಿ ಎಷ್ಟು ಹೂಮೊಗ್ಗು ಬಂದಿದೆ, ಥರ್ಮಾಮೀಟರ್ ತೋರಿಸಿದ ಅತಿ ಕಡಿಮೆ ಎಷ್ಟು, ಈ ಮೂರನ್ನೂ ಬರೆದಿಡಿ. ಎರಡು ವರ್ಷದ ಆ ಲೆಕ್ಕ ಕಳುಹಿಸಿ, ಒಂದೂವರೆ ಎಕರೆಯ ಮಾತು ಆಗ ಆಡೋಣ.